ಲಾಭ ಏರಿದೆ, ಸಂಬಳ ತಡವಾಗಿದೆ: ಈ ಬ್ಯಾಲೆನ್ಸ್ ಶೀಟನ್ನು ಹೇಗೆ ಓದಬೇಕು?

ಕಲಿಯುವ ಎಂಜಿನಿಯರ್:

ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರ್, ಲೆಕ್ಕಪತ್ರ ಓದಿದವಳಲ್ಲ. ನಾನು ಕೆಲಸ ಮಾಡುವ ಕಂಪನಿ ತನ್ನ ನೌಕರರಿಗೆ ಷೇರು ಕೊಳ್ಳುವ ಅವಕಾಶ ಕೊಟ್ಟಿದೆ. ಅರ್ಜಿ ಸಲ್ಲಿಸಲು ನಾಲ್ಕು ತಿಂಗಳ ಸಮಯವಿದೆ. ಎರಡು ವರ್ಷಗಳ ಲೆಕ್ಕವನ್ನು ನಮ್ಮ ಕೈಗಿತ್ತು, "ಲಾಭ ಶೇ. 30ರಷ್ಟು ಏರಿದೆ, ನೀವೇ ನೋಡಿ" ಎಂದಿದ್ದಾರೆ. ನೋಡಿದೆ. ಏರಿರುವುದು ನಿಜ. ಆದರೆ ಅದೇ ವರ್ಷ ಎರಡು ಸಲ ನಮ್ಮ ಸಂಬಳ ಒಂದು ವಾರ ತಡವಾಗಿ ಬಂತು. ಇವೆರಡನ್ನು ನನಗೆ ಹೊಂದಿಸಲಾಗುತ್ತಿಲ್ಲ.

ಕಂಪನಿಯ ಗುರುತು ಸಿಗದಿರಲೆಂದು ಎಲ್ಲ ಅಂಕಿಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ ಬರೆದಿದ್ದೇನೆ. ಮೊದಲಿನದು ಹಿಂದಿನ ವರ್ಷ, ಎರಡನೆಯದು ಈ ವರ್ಷ.

ಮಾರಾಟ: 1000, 1300
ಮಾರಿದ ಸರಕಿನ ವೆಚ್ಚ: 700, 910
ನಿವ್ವಳ ಲಾಭ: 80, 104
ಗಿರಾಕಿಗಳಿಂದ ಬರಬೇಕಾದ ಬಾಕಿ: 150, 320
ದಾಸ್ತಾನು: 120, 190
ನಗದು ಮತ್ತು ಬ್ಯಾಂಕ್ ಶಿಲ್ಕು: 30, 30
ಸ್ಥಿರ ಆಸ್ತಿ: 400, 410
ಪೂರೈಕೆದಾರರಿಗೆ ಕೊಡಬೇಕಾದದ್ದು: 100, 130
ಬ್ಯಾಂಕ್ ಸಾಲ: 200, 336
ಷೇರುದಾರರ ನಿಧಿ: 400, 484

ಈ ವರ್ಷದ ಸವಕಳಿ 40, ಹೊಸ ಯಂತ್ರಗಳಿಗೆ ಖರ್ಚು 50, ಹಂಚಿದ ಲಾಭಾಂಶ 20. ಬ್ಯಾಂಕ್ ಸಾಲವೆಲ್ಲ ಒಂದು ವರ್ಷದೊಳಗೆ ತೀರಿಸಬೇಕಾದದ್ದು. ನಗದು ಹರಿವಿನ ಪಟ್ಟಿಯನ್ನು ಕೊಟ್ಟಿಲ್ಲ.

ಪಠ್ಯಪುಸ್ತಕ ನೋಡಿಕೊಂಡು ಕೆಲವು ಅನುಪಾತಗಳನ್ನು ಲೆಕ್ಕ ಹಾಕಿದೆ. ಚಾಲ್ತಿ ಅನುಪಾತ (ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು, ಅಷ್ಟರೊಳಗೆ ತೀರಿಸಬೇಕಾದ ಹೊಣೆಯಿಂದ ಭಾಗಿಸಿದ್ದು) 1ರಿಂದ 1.16ಕ್ಕೆ ಏರಿದೆ. ಷೇರುದಾರರ ನಿಧಿಯ ಮೇಲಿನ ಗಳಿಕೆ ಶೇ. 20ರಿಂದ ಶೇ. 21.5ಕ್ಕೆ ಏರಿದೆ. ಲಾಭದ ಪ್ರಮಾಣ ಎರಡೂ ವರ್ಷ ಶೇ. 8. ಎಲ್ಲವೂ ಒಳ್ಳೆಯದನ್ನೇ ಹೇಳುತ್ತಿರುವಾಗ ಸಂಬಳಕ್ಕೆ ಹಣ ಇರಲಿಲ್ಲವೇಕೆ?

ಹಳೆಯ ಲೆಕ್ಕಿಗ:

ಮೇಡಂ, ನೀವು ಲೆಕ್ಕ ಓದಿದವರಲ್ಲ ಎಂದಿರಿ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಮೂವತ್ತೊಂದು ವರ್ಷ ಲೆಕ್ಕ ಬರೆದವನಾಗಿ ಉತ್ತರಿಸುತ್ತೇನೆ.

ಲಾಭ-ನಷ್ಟ ಖಾತೆಯಲ್ಲಿ ಮಾರಾಟ ದಾಖಲಾಗುವುದು ಹಣ ಬಂದ ದಿನ ಅಲ್ಲ, ಸರಕನ್ನು ಒಪ್ಪಿಸಿದ ದಿನ. ಗಿರಾಕಿ ಆರು ತಿಂಗಳ ನಂತರ ಕೊಟ್ಟರೂ, ಕೊಡದೇ ಹೋದರೂ, ಒಪ್ಪಿಸಿದ ದಿನವೇ ಅದು ಆದಾಯ. ಖರ್ಚಿಗೂ ಇದೇ ನಿಯಮ. ಇದನ್ನು ಸಂಚಯ ಪದ್ಧತಿ ಎನ್ನುತ್ತಾರೆ. ಇದು ಮೋಸವಲ್ಲ, ಒಂದು ವರ್ಷದ ದುಡಿಮೆಯನ್ನು ಅದೇ ವರ್ಷಕ್ಕೆ ಹೊಂದಿಸುವ ನ್ಯಾಯವಾದ ಕ್ರಮ. ಆದರೆ ಸಂಬಳವನ್ನು ಆದಾಯದಿಂದ ಕೊಡಲಾಗುವುದಿಲ್ಲ, ನಗದಿನಿಂದಲೇ ಕೊಡಬೇಕು.

ನಗದು ಹರಿವಿನ ಪಟ್ಟಿ ಕೊಟ್ಟಿಲ್ಲವೆಂದು ಕೈ ಚೆಲ್ಲಬೇಡಿ. ನೀವು ಕೊಟ್ಟ ಅಂಕಿಗಳಿಂದಲೇ ಅದನ್ನು ಕಟ್ಟಬಹುದು.

ಲಾಭ 104ರಿಂದ ಆರಂಭಿಸಿ. ಸವಕಳಿ 40ನ್ನು ಕೂಡಿಸಿ, ಏಕೆಂದರೆ ಅದು ಪುಸ್ತಕದಲ್ಲಿ ಕಳೆದ ಖರ್ಚು, ಈ ವರ್ಷ ಯಾರ ಕೈಗೂ ಹೋದ ಹಣವಲ್ಲ. 144 ಆಯಿತು. ಗಿರಾಕಿಗಳ ಬಾಕಿ 170 ಹೆಚ್ಚಿದೆ; ಅಷ್ಟು ಮಾರಾಟದ ಹಣ ಬಂದಿಲ್ಲ, ಕಳೆಯಿರಿ. ದಾಸ್ತಾನು 70 ಹೆಚ್ಚಿದೆ. ಅಷ್ಟು ಹಣ ಗೋದಾಮಿನಲ್ಲಿ ಕುಳಿತಿದೆ, ಕಳೆಯಿರಿ. ಪೂರೈಕೆದಾರರಿಗೆ ಕೊಡಬೇಕಾದದ್ದು 30 ಹೆಚ್ಚಿದೆ. ಅಷ್ಟನ್ನು ನಾವು ಇನ್ನೂ ಕೊಟ್ಟಿಲ್ಲ, ಕೂಡಿಸಿ.

144ರಲ್ಲಿ 240 ಕಳೆದು 30 ಕೂಡಿಸಿದರೆ ಬರುವುದು ಋಣ 66.

104 ಲಾಭ ತೋರಿಸಿದ ವರ್ಷದಲ್ಲಿ ನಿಮ್ಮ ಕಂಪನಿಯ ನಿತ್ಯದ ವ್ಯವಹಾರವೇ 66ನ್ನು ನುಂಗಿದೆ. ಅದರ ಮೇಲೆ ಯಂತ್ರಕ್ಕೆ 50, ಲಾಭಾಂಶಕ್ಕೆ 20. ಒಟ್ಟು ಕೊರತೆ 136. ಈಗ ಬ್ಯಾಂಕ್ ಸಾಲದ ಸಾಲನ್ನು ನೋಡಿ: 200ರಿಂದ 336. ಕರಾರುವಾಕ್ಕಾಗಿ 136. ಶಿಲ್ಕು 30 ಇದ್ದದ್ದು 30ರಲ್ಲೇ ನಿಂತಿರುವುದು ಸಾಲದ ಬಲದಿಂದ. ಲಾಭಾಂಶವನ್ನೂ ಸಾಲ ತಂದೇ ಹಂಚಿದ್ದಾರೆ. ನಿಮ್ಮ ಸಂಬಳ ತಡವಾದ ವಾರಗಳಲ್ಲಿ ಬಹುಶಃ ಸಾಲದ ಮಿತಿ ಮುಗಿದಿತ್ತು.

ಕಲಿಯುವ ಎಂಜಿನಿಯರ್:

ಸರ್, 136 ಸರಿಯಾಗಿ ಹೊಂದಿದ್ದನ್ನು ನೋಡಿ ಮೂರು ಬಾರಿ ಮತ್ತೆ ಕೂಡಿ ಕಳೆದೆ. ತುಂಬಾ ಧನ್ಯವಾದ. ಹಾಗಿದ್ದರೆ ನಾನು ಲೆಕ್ಕ ಹಾಕಿದ ಚಾಲ್ತಿ ಅನುಪಾತ ಸುಳ್ಳು ಹೇಳಿತೇ? ಅದು ಸುಧಾರಿಸಿದೆಯಲ್ಲ?

ಸಾಲದ ಮೇಜು:

ಇದಕ್ಕೆ ನಾನು ಉತ್ತರಿಸುತ್ತೇನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ನನ್ನ ಕೆಲಸ. ಹೊಸಬರು ಎಡವುವ ಜಾಗ ಇದು.

ಚಾಲ್ತಿ ಅನುಪಾತದ ಮೇಲ್ಭಾಗದಲ್ಲಿ ಗಿರಾಕಿಗಳ ಬಾಕಿಯೂ ದಾಸ್ತಾನೂ ಇವೆ. ಹಾಗಾಗಿ ಗಿರಾಕಿಗಳು ಕೊಡದೇ ಕುಳಿತಷ್ಟೂ, ಸರಕು ಮಾರಾಟವಾಗದೇ ಉಳಿದಷ್ಟೂ ಮೇಲಿನ ಸಂಖ್ಯೆ ದೊಡ್ಡದಾಗುತ್ತದೆ. ನಿಮ್ಮ ಚಾಲ್ತಿ ಆಸ್ತಿ 300ರಿಂದ 540 ಆಯಿತು. ಅದರಲ್ಲಿ ನಗದು ಒಂದು ಕಾಸೂ ಹೆಚ್ಚಲಿಲ್ಲ. ಕಂಪನಿಯ ಉಸಿರು ಕಟ್ಟುತ್ತಿರುವಾಗಲೇ ಅನುಪಾತ ಚೇತರಿಸಿಕೊಂಡಂತೆ ಕಾಣುವುದು ಹೀಗೆ. ಅನುಪಾತ ಸುಳ್ಳು ಹೇಳಿಲ್ಲ. "ಇವತ್ತೇ ಎಲ್ಲವನ್ನೂ ಪುಸ್ತಕದ ಬೆಲೆಗೆ ನಗದು ಮಾಡಿದರೆ ಸಾಲ ತೀರುತ್ತದೆಯೇ" ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ. ನಿಮ್ಮ ಪ್ರಶ್ನೆ ಬೇರೆ: "ಎಷ್ಟು ಬೇಗ ನಗದಾಗುತ್ತದೆ?"

ಅದಕ್ಕೆ ದಿನಗಳ ಲೆಕ್ಕ ಬೇಕು. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ: ಹಿಂದಿನ ವರ್ಷ 55 ದಿನ, ಈ ವರ್ಷ 90 ದಿನ. ದಾಸ್ತಾನನ್ನು ಸರಕಿನ ವೆಚ್ಚದಿಂದ ಭಾಗಿಸಿ: 63 ದಿನ ಇದ್ದದ್ದು 76. ಪೂರೈಕೆದಾರರಿಗೆ ಕೊಡಬೇಕಾದದ್ದನ್ನೂ ಅದೇ ವೆಚ್ಚದಿಂದ ಭಾಗಿಸಿ: ಎರಡೂ ವರ್ಷ 52 ದಿನ. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ, ಹೊರಗೆ ಹೋದ ಹಣ ಮನೆಗೆ ಮರಳಲು ಹಿಡಿಯುವ ದಿನಗಳು ಸಿಗುತ್ತವೆ. ಹಿಂದೆ 66, ಈಗ 114. 48 ದಿನ, ಅಂದರೆ ಒಂದೂವರೆ ತಿಂಗಳಿಗಿಂತ ಹೆಚ್ಚು ಕಾಲ ಸೇರಿಕೊಂಡಿದೆ. ಆ ಅವಧಿಯನ್ನು ನಿಮ್ಮ ಕಂಪನಿ ಬಡ್ಡಿ ಕಟ್ಟಿ ದಾಟುತ್ತಿದೆ.

ನನ್ನ ಮೇಜಿಗೆ ಈ ಕಡತ ಬಂದರೆ ನಾನು ಮೊದಲು ಗುರುತು ಹಾಕುವುದು 55 ಮತ್ತು 90ಕ್ಕೆ. ಲಾಭದ ಸಂಖ್ಯೆಗೆ ಆಮೇಲೆ ಬರುತ್ತೇನೆ.

ಹಳೆಯ ಲೆಕ್ಕಿಗ:

ಇನ್ನೊಂದು ಮಾತು ಉಳಿಯಿತು. ಷೇರುದಾರರ ನಿಧಿಯ ಮೇಲಿನ ಗಳಿಕೆ ಏರಿತು ಎಂದಿರಿ. ಏಕೆ ಏರಿತು ಎಂದು ಬಿಡಿಸಿ ನೋಡಿ. ಡುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಸುಮಾರು ನೂರು ವರ್ಷಗಳ ಹಿಂದೆ ಬಂಡವಾಳದ ಗಳಿಕೆಯನ್ನು ಲಾಭದ ಪ್ರಮಾಣ ಮತ್ತು ಆಸ್ತಿಯ ವಹಿವಾಟು ಎಂದು ಒಡೆದು ನೋಡುವ ಕ್ರಮ ತಂದರು. ಇಂದು ನಾವು ಮೂರನೆಯದಾಗಿ ಸಾಲದ ಸನ್ನೆಕೋಲನ್ನೂ, ಅಂದರೆ ಷೇರುದಾರರ ನಿಧಿಯ ಎಷ್ಟು ಪಟ್ಟು ಆಸ್ತಿ ಇದೆ ಎಂಬುದನ್ನೂ, ಸೇರಿಸಿಕೊಳ್ಳುತ್ತೇವೆ.

ಹಿಂದಿನ ವರ್ಷ ಲಾಭದ ಪ್ರಮಾಣ ಶೇ. 8. ಮಾರಾಟವನ್ನು ಒಟ್ಟು ಆಸ್ತಿ 700ರಿಂದ ಭಾಗಿಸಿದರೆ 1.43. ಆಸ್ತಿಯನ್ನು ಷೇರುದಾರರ ನಿಧಿಯಿಂದ ಭಾಗಿಸಿದರೆ 1.75. ಮೂರನ್ನೂ ಗುಣಿಸಿದರೆ ಶೇ. 20.

ಈ ವರ್ಷ: ಶೇ. 8, 1.37, 1.96. ಗುಣಿಸಿದರೆ ಶೇ. 21.5.

ಲಾಭದ ಪ್ರಮಾಣ ಕದಲಿಲ್ಲ. ಆಸ್ತಿಯ ದುಡಿಮೆ ಇಳಿದಿದೆ. ಏರಿರುವುದು ಸಾಲದ ಪಾಲು ಒಂದೇ. ನಿಮಗೆ ತೋರಿಸಿದ ಆ ಒಂದೂವರೆ ಅಂಶದ ಏರಿಕೆಯನ್ನು ಪೂರ್ತಿಯಾಗಿ ಕೊಟ್ಟದ್ದು ಸಾಲ. ಸಾಲ ಪಾಪವಲ್ಲ. ಆದರೆ ದಕ್ಷತೆಯಿಂದ ಬಂದ ಏರಿಕೆಗೂ ಸಾಲದಿಂದ ಬಂದ ಏರಿಕೆಗೂ ಒಂದೇ ಬೆಲೆ ಕಟ್ಟಬಾರದು.

ಶಿಲ್ಕು:

ನಾನು ಆರು ವರ್ಷದಿಂದ ಷೇರುಗಳಲ್ಲಿ ಹಣ ಹೂಡುತ್ತಿದ್ದೇನೆ. ಕಲಿತದ್ದು ಇಷ್ಟು: ಲಾಭ ಒಂದು ಅಭಿಪ್ರಾಯ, ನಗದೇ ಸತ್ಯ. ಅಮೆರಿಕದ ಡಬ್ಲ್ಯು. ಟಿ. ಗ್ರಾಂಟ್ ಎಂಬ ದೊಡ್ಡ ಮಳಿಗೆ ಸರಣಿ 1975ರಲ್ಲಿ ದಿವಾಳಿಯಾಯಿತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಲಾಭ ತೋರಿಸುತ್ತಿತ್ತು, ಲಾಭಾಂಶವನ್ನೂ ಹಂಚುತ್ತಿತ್ತು. ಆದರೆ ಗಿರಾಕಿಗಳಿಗೆ ಕೊಟ್ಟ ಉದ್ದರಿ ಬೆಳೆದು, ದಾಸ್ತಾನು ಬೆಳೆದು, ವ್ಯವಹಾರದಿಂದ ಬರುವ ನಗದು ಬಹುಪಾಲು ವರ್ಷ ಋಣಾತ್ಮಕವಾಗಿತ್ತು. ಆಗ ನಗದು ಹರಿವಿನ ಪಟ್ಟಿ ಕಡ್ಡಾಯವಿರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಮಾನದಂಡ ಬಂದದ್ದು 1987ರಲ್ಲಿ. ಇಲ್ಲಿರುವುದು ಅದೇ ಚಿತ್ರ. ಮೇಡಂ, ನಗದನ್ನು ಮಾತ್ರ ನೋಡಿ, ಉಳಿದದ್ದನ್ನು ಬಿಡಿ. ನಗದು ಸುಳ್ಳು ಹೇಳುವುದಿಲ್ಲ.

ಅಡಿಟಿಪ್ಪಣಿ:

ಗ್ರಾಂಟ್ ಉದಾಹರಣೆ ಒಪ್ಪುತ್ತೇನೆ. ಕೊನೆಯ ವಾಕ್ಯವನ್ನು ಒಪ್ಪುವುದಿಲ್ಲ. ನಾನು ಲೆಕ್ಕ ಪರಿಶೋಧಕಿ. "ನಗದು ಸುಳ್ಳು ಹೇಳುವುದಿಲ್ಲ" ಎಂಬ ನಂಬಿಕೆಯ ಮೇಲೆ ಜನ ಕಳೆದುಕೊಂಡ ಹಣಕ್ಕೆ ಲೆಕ್ಕವಿಲ್ಲ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡರು. ಸುಳ್ಳಾಗಿದ್ದದ್ದು ನಗದೇ. ಆದ್ದರಿಂದ ಶಿಲ್ಕನ್ನೂ ಪರೀಕ್ಷಿಸಬೇಕು: ಅಷ್ಟು ಹಣಕ್ಕೆ ತಕ್ಕ ಬಡ್ಡಿ ಬಂದಿದೆಯೇ? ಅಷ್ಟು ಹಣವಿರುವ ಕಂಪನಿ ಸಾಲವನ್ನೇಕೆ ಪಡೆಯುತ್ತಿದೆ?

ಇನ್ನು ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್. ಬೇರೆ ಕಂಪನಿಗಳ ದೂರವಾಣಿ ಜಾಲ ಬಳಸಿದ್ದಕ್ಕೆ ಕೊಡುತ್ತಿದ್ದ ಶುಲ್ಕ ಅದರ ನಿತ್ಯದ ಖರ್ಚು. ಅದನ್ನು ಖರ್ಚೆಂದು ಬರೆಯದೆ ಆಸ್ತಿಯೆಂದು ಬರೆದರು. 2002ರ ಜೂನ್‌ನಲ್ಲಿ ಹೊರಬಿದ್ದಾಗ ಮೊತ್ತ ಸುಮಾರು 3.8 ಶತಕೋಟಿ ಡಾಲರ್, ಆಮೇಲೆ ಇನ್ನೂ ದೊಡ್ಡದಾಯಿತು. ಗಮನಿಸಬೇಕಾದದ್ದು ಏನೆಂದರೆ, ಖರ್ಚನ್ನು ಆಸ್ತಿಯೆಂದು ಬರೆದಾಗ ಲಾಭ ಮಾತ್ರವಲ್ಲ, ವ್ಯವಹಾರದ ನಗದೂ ಉಬ್ಬುತ್ತದೆ. ಹೊರಗೆ ಹೋದ ಹಣ ನಗದು ಹರಿವಿನ ಪಟ್ಟಿಯ ಹೂಡಿಕೆಯ ವಿಭಾಗಕ್ಕೆ ಜಾರುತ್ತದೆ. ವ್ಯವಹಾರದ ನಗದನ್ನಷ್ಟೇ ನೋಡುವವರು ಅಲ್ಲಿಯೂ ಮೋಸ ಹೋಗುತ್ತಾರೆ. ಹೂಡಿಕೆಯನ್ನೂ ಕಳೆದು ಉಳಿಯುವ ನಗದನ್ನು ನೋಡಿದರೆ ಮಾತ್ರ ಆ ಬಗೆಯ ಕೈಚಳಕ ಬಯಲಾಗುತ್ತದೆ.

ಲಾಭ-ನಷ್ಟ ಖಾತೆ, ಬ್ಯಾಲೆನ್ಸ್ ಶೀಟ್, ನಗದು ಹರಿವು ಎಂಬ ಮೂರು ಪಟ್ಟಿಗಳಿರುವುದು ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸಲು. ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಾಚೊಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಿಗೆ ತಂದಾಗಿನಿಂದ ಲೆಕ್ಕದ ಬಲವೇ ಅದು: ಪ್ರತಿ ನಮೂದಿಗೂ ಇನ್ನೊಂದು ಬದಿ ಇದೆ. ಒಂದು ಕಡೆ ಉಬ್ಬಿಸಿದರೆ ಅದು ಮತ್ತೆಲ್ಲೋ ತಲೆ ಎತ್ತಲೇಬೇಕು. ಅದು ಎಲ್ಲಿ ತಲೆ ಎತ್ತಿದೆ ಎಂದು ಹುಡುಕುವುದೇ ನನ್ನ ವೃತ್ತಿ.

ಶಿಲ್ಕು:

ಒಪ್ಪಿದೆ, ಮೇಡಂ. ವರ್ಲ್ಡ್‌ಕಾಮ್‌ನಲ್ಲಿ ವ್ಯವಹಾರದ ನಗದೂ ಉಬ್ಬಿತ್ತು ಎಂಬುದನ್ನು ನಾನು ಯೋಚಿಸಿರಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಆದರೆ ಒಂದು ಪ್ರಶ್ನೆ. ಬೆಳೆಯುವ ಕಂಪನಿಗೆ ನಗದು ಸಾಲದಿರುವುದು ಸಹಜವಲ್ಲವೇ? ಶೇ. 30 ಬೆಳೆದರೆ ಬಾಕಿಯೂ ದಾಸ್ತಾನೂ ಬೆಳೆಯಲೇಬೇಕು. ಇವರನ್ನು ಅದಕ್ಕಾಗಿ ಶಿಕ್ಷಿಸಬೇಕೇ?

ಸಾಲದ ಮೇಜು:

ನ್ಯಾಯವಾದ ಪ್ರಶ್ನೆ. ಅಳತೆ ಮಾಡಿ ನೋಡೋಣ.

ಬಾಕಿಯೂ ಶೇ. 30 ಬೆಳೆದಿದ್ದರೆ 150 ಇದ್ದದ್ದು 195 ಆಗಬೇಕಿತ್ತು. ದಾಸ್ತಾನು 156 ಆಗಬೇಕಿತ್ತು. ಅಷ್ಟೇ ಆಗಿದ್ದರೆ ವ್ಯವಹಾರದ ನಗದು ಋಣ 66 ಬದಲು ಧನ 93 ಆಗುತ್ತಿತ್ತು. ಯಂತ್ರವನ್ನೂ ಕೊಂಡು, ಲಾಭಾಂಶವನ್ನೂ ಕೊಟ್ಟು, 23 ಉಳಿಯುತ್ತಿತ್ತು. ಒಂದು ರೂಪಾಯಿ ಹೊಸ ಸಾಲ ಬೇಕಿರಲಿಲ್ಲ. ಬೆಳವಣಿಗೆಯ ತೂಕ ಅಷ್ಟೇ. ಅದನ್ನು ಮೀರಿದ 159 ವಸೂಲಿ ನಿಧಾನವಾದುದಕ್ಕೆ ಮತ್ತು ಸರಕು ನಿಂತುದಕ್ಕೆ ತೆತ್ತದ್ದು.

ಹೆಚ್ಚುವರಿ ಉದ್ದರಿ ಕೊಟ್ಟೇ ಆ ಮಾರಾಟ ಗಳಿಸಿದರೋ ಎಂಬ ಅನುಮಾನ ನನಗಿದೆ. ನೂರು ಮಾರಿದರೆ ಎಂಟು ಉಳಿಯುವ ವ್ಯವಹಾರ ಇದು. 80 ಬಾಕಿ ಮುಳುಗಿದರೆ, ಅದನ್ನು ತುಂಬಿಕೊಳ್ಳಲು ಮತ್ತೆ 1000 ಮಾರಬೇಕು. ಉದ್ದರಿ ಕೊಡುವಾಗ ಮಾರಾಟ ವಿಭಾಗದವರು ಈ ಲೆಕ್ಕ ಹಾಕಿರುವುದನ್ನು ನಾನು ಕಂಡದ್ದು ಬಹಳ ಕಡಿಮೆ, ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಅಡಿಟಿಪ್ಪಣಿ:

ತೀರ್ಪು ಕೊಡುವ ಮೊದಲು ಒಂದು ಎಚ್ಚರಿಕೆ. 90 ದಿನ ಎಂಬುದು ವರ್ಷದ ಮಾರಾಟವನ್ನು ಸಮನಾಗಿ ಹರಡಿ ಮಾಡಿದ ಲೆಕ್ಕ. ಮಾರಾಟ ವರ್ಷದ ಕೊನೆಗೆ ಹೆಚ್ಚಿದ್ದರೆ ಬಾಕಿ ಸಹಜವಾಗಿಯೇ ದೊಡ್ಡದಾಗಿ ಕಾಣುತ್ತದೆ. ಗಿರಾಕಿಗಳು ತಡಮಾಡಿದ್ದಾರೆ ಎಂದೇನಿಲ್ಲ. ಎಂಜಿನಿಯರ್ ಮೇಡಂ, ಹಣಕಾಸು ವಿಭಾಗದಲ್ಲಿ ಎರಡು ವಿಷಯ ಕೇಳಿ: ಕೊನೆಯ ತ್ರೈಮಾಸಿಕದ ಮಾರಾಟ ಎಷ್ಟು, ಮತ್ತು 320 ಬಾಕಿಯಲ್ಲಿ ಎಷ್ಟು ಹಳೆಯದು. ಷೇರು ಕೊಳ್ಳಲು ಕರೆದವರು ಇದಕ್ಕೆ ಉತ್ತರಿಸಬೇಕು. ಸಂಕೋಚ ಬೇಡ.

ಕಲಿಯುವ ಎಂಜಿನಿಯರ್:

ಕೇಳಿದೆ. ಹಣಕಾಸು ವಿಭಾಗದ ಮುಖ್ಯಸ್ಥರು ಸಮಾಧಾನದಿಂದಲೇ ಉತ್ತರಿಸಿದರು. ಕೊನೆಯ ತ್ರೈಮಾಸಿಕದ ಮಾರಾಟ 400. ಒಬ್ಬ ದೊಡ್ಡ ವಿತರಕರಿಗೆ ಮೊದಲು 60 ದಿನ ಇದ್ದ ಗಡುವನ್ನು 120 ದಿನಕ್ಕೆ ಹೆಚ್ಚಿಸಿದ್ದಾರೆ. 320ರಲ್ಲಿ 110 ಅವರೊಬ್ಬರದೇ. ಗಡುವು ಮೀರಿದ ಬಾಕಿ ಹೆಚ್ಚಿಲ್ಲ ಎಂದರು.

ಅಡಿಟಿಪ್ಪಣಿ:

ಗಡುವನ್ನೇ ದುಪ್ಪಟ್ಟು ಮಾಡಿದರೆ ಗಡುವು ಮೀರಿದ ಬಾಕಿ ಹೆಚ್ಚುವುದಿಲ್ಲ. ಆ ಉತ್ತರದಿಂದ ನೆಮ್ಮದಿ ಪಡಬೇಡಿ.

400ರ ಆಧಾರದಲ್ಲಿ 91 ದಿನಕ್ಕೆ ಲೆಕ್ಕ ಹಾಕಿದರೆ 73 ದಿನ. 90ರಷ್ಟು ಕೆಟ್ಟದ್ದಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಆದರೆ ಮೊದಲ ಮೂರು ತ್ರೈಮಾಸಿಕಗಳಲ್ಲಿ ಸರಾಸರಿ 300 ಮಾರುತ್ತಿದ್ದವರು ಕೊನೆಗೆ 400 ಮಾರಿದ್ದಾರೆ, ಅದೇ ಹೊತ್ತಿಗೆ ಉದ್ದರಿ ಸಡಿಲಿಸಿದ್ದಾರೆ. ಆ ಸರಕು ವಿತರಕರಿಂದ ಮುಂದಕ್ಕೆ ಮಾರಾಟವಾಯಿತೋ ಅಥವಾ ಅವರ ಗೋದಾಮಿನಲ್ಲೇ ಇದೆಯೋ ಎಂಬುದು ಮುಂದಿನ ತ್ರೈಮಾಸಿಕದಲ್ಲಿ ತಿಳಿಯುತ್ತದೆ. ನಿಮ್ಮ ಅರ್ಜಿಗೆ ಸಮಯವಿದೆ. ಕಾಯಿರಿ.

ಹಳೆಯ ಲೆಕ್ಕಿಗ:

ಕಾಯುವಾಗ ಒಂದು ಲೆಕ್ಕ ಜೊತೆಗಿರಲಿ. ಸಾಲದ ಪ್ರಮಾಣ ಹೆಚ್ಚಿಸದೆ, ಹೊಸ ಷೇರು ಮಾರದೆ ಒಂದು ಕಂಪನಿ ಎಷ್ಟು ಬೆಳೆಯಬಲ್ಲದು? ಷೇರುದಾರರ ನಿಧಿಯ ಮೇಲಿನ ಗಳಿಕೆಯನ್ನು, ಲಾಭದಲ್ಲಿ ಉಳಿಸಿಕೊಂಡ ಪಾಲಿನಿಂದ ಗುಣಿಸಿ. ಹಿಂದಿನ ವರ್ಷದ ಗಳಿಕೆ ಶೇ. 20, ಈ ವರ್ಷ 104ರಲ್ಲಿ 84 ಉಳಿಸಿಕೊಂಡರು, ಅಂದರೆ ಶೇ. 81. ಗುಣಿಸಿದರೆ ಸುಮಾರು ಶೇ. 16. ಬೆಳೆದದ್ದು ಶೇ. 30. ಈಗ ನೌಕರರಿಗೆ ಷೇರು ಮಾರಲು ಹೊರಟಿರುವುದೇಕೆ ಎಂಬುದಕ್ಕೆ ಇಲ್ಲಿ ಒಂದು ಕಾರಣ ಸಿಗಬಹುದು.

ಕಲಿಯುವ ಎಂಜಿನಿಯರ್:

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಹೊಸ ತ್ರೈಮಾಸಿಕದ ಲೆಕ್ಕ ಬಂದಿದೆ. ಬಾಕಿ 320ರಿಂದ 280ಕ್ಕೆ ಇಳಿದಿದೆ. "ವಸೂಲಿ ಸುಧಾರಿಸಿದೆ" ಎಂದು ಮೊದಲ ಪುಟದಲ್ಲೇ ಬರೆದಿದ್ದಾರೆ. ಮಾರಾಟ 340. ನಾನೇ ಲೆಕ್ಕ ಹಾಕಿದೆ: 75 ದಿನ. 90ಕ್ಕೆ ಹೋಲಿಸಿದರೆ ಸುಧಾರಣೆಯೇ, ಆದರೆ 73ಕ್ಕೆ ಹೋಲಿಸಬೇಕು ಎಂದು ನೆನಪಾಯಿತು.

ಸಾಲದ ಮೇಜು:

ಸರಿಯಾಗಿ ನೆನಪಿಟ್ಟಿದ್ದೀರಿ. ಇನ್ನೊಂದು ನೋಡಿ: ಇಳಿದ 40 ಗಿರಾಕಿಗಳು ಕೊಟ್ಟ ಹಣವೇ, ಅಥವಾ ಬಾಕಿಯನ್ನು ಯಾವುದಾದರೂ ಹಣಕಾಸು ಸಂಸ್ಥೆಗೆ ಮಾರಿದ್ದೇ? ಟಿಪ್ಪಣಿಗಳ ಭಾಗದಲ್ಲಿ ಸಂಭಾವ್ಯ ಹೊಣೆಗಳು ಎಂಬ ಶೀರ್ಷಿಕೆಯ ಕೆಳಗೆ ಹುಡುಕಿ.

ಕಲಿಯುವ ಎಂಜಿನಿಯರ್:

ಸಿಕ್ಕಿತು. ಹದಿನಾಲ್ಕನೇ ಟಿಪ್ಪಣಿ. 25 ಬಾಕಿಯನ್ನು ಮಾರಿದ್ದಾರೆ. ಗಿರಾಕಿ ಕೊಡದಿದ್ದರೆ ಕಂಪನಿಯೇ ಹಿಂದಿರುಗಿಸಬೇಕು ಎಂಬ ಷರತ್ತಿದೆ.

ಅಡಿಟಿಪ್ಪಣಿ:

ಹಾಗಿದ್ದರೆ ಅಪಾಯ ಕಂಪನಿಯ ಬಳಿಯೇ ಉಳಿದಿದೆ. ಅದು ಮಾರಾಟವಲ್ಲ, ಬಾಕಿಯನ್ನು ಒತ್ತೆಯಿಟ್ಟು ತಂದ ಸಾಲ. ಅಪಾಯ ಉಳಿದಿರುವಾಗ ಬಾಕಿಯನ್ನು ಪುಸ್ತಕದಿಂದ ತೆಗೆದದ್ದೇ ಪ್ರಶ್ನಾರ್ಹ. 25ನ್ನು ಮರಳಿ ಸೇರಿಸಿ: ಬಾಕಿ 305, ಅಂದರೆ 82 ದಿನ. ಸಾಲಕ್ಕೂ 25 ಸೇರಿಸಿ. 73 ಇದ್ದದ್ದು 82 ಆಗಿದೆ. ಸುಧಾರಿಸಿಲ್ಲ, ಹದಗೆಟ್ಟಿದೆ. ಕೊನೆಯದಾಗಿ, ಮಾರಾಟ ವಾಪಸಾತಿಯ ಅಂಕಿ ಸಿಗುತ್ತದೆಯೇ ನೋಡಿ.

ಕಲಿಯುವ ಎಂಜಿನಿಯರ್:

ಹಣಕಾಸು ವಿಭಾಗದಿಂದ ಇಂದು ಮಧ್ಯಾಹ್ನ ಸಿಕ್ಕಿತು. ಕಳೆದ ವರ್ಷ ಇದೇ ತ್ರೈಮಾಸಿಕದಲ್ಲಿ ವಾಪಸಾದ ಸರಕು 3. ಈ ಬಾರಿ 19, ಅದರಲ್ಲಿ 16 ಆ ಒಬ್ಬ ವಿತರಕರಿಂದ.

ಷೇರಿನ ಅರ್ಜಿಯನ್ನು ನಾನು ಸಲ್ಲಿಸುತ್ತಿಲ್ಲ. ನನ್ನ ವಿಭಾಗದ ಇನ್ನೂ ಏಳು ಮಂದಿ ಈ ಅಂಕಿಗಳನ್ನು ಕೇಳಿದ್ದಾರೆ. ನಾಳೆ ಊಟದ ಬಿಡುವಿನಲ್ಲಿ ಕುಳಿತು, 104ರಿಂದ ಋಣ 66ಕ್ಕೆ ಬಂದ ದಾರಿಯನ್ನು ಅವರಿಗೆ ಒಂದೊಂದೇ ಸಾಲಾಗಿ ಬಿಡಿಸಿ ತೋರಿಸುತ್ತೇನೆ.